ಡ್ಯಾನ್ಯೂಬ್ ದಂಡೆಯ ದೋಸೆಕಾವಲಿ

ನಾನು ಒಂದು ದೋಸೆಕಾವಲಿ. ಬೆಳಗಾವಿಯ ಎರಕದ ಕಾರ್ಖಾನೆಯೊಂದರಲ್ಲಿ, ಕರಗಿದ ಕಬ್ಬಿಣ ಮರಳಿನ ಅಚ್ಚಿಗೆ ಬಿದ್ದ ದಿನ ಹುಟ್ಟಿದೆ. ಮೈಗೆ ಕರಿಬಣ್ಣ ಬಳಿದುಕೊಂಡು 'ಏನೂ ಅಂಟುವುದಿಲ್ಲ' ಎಂದು ಜಂಬ ಕೊಚ್ಚುವ ಈಗಿನ ತವಾಗಳ ಜಾತಿ ನನ್ನದಲ್ಲ. ಅವು ಎರಡು ವರ್ಷಕ್ಕೆ ಸಿಪ್ಪೆ ಸುಲಿದುಕೊಂಡು ಕಸದ ಬುಟ್ಟಿ ಸೇರುತ್ತವೆ.

ಮೊದಲು ನಾನು ಏರಿದ್ದು ಮೂಲ್ಕಿಯ ಬಸ್ ನಿಲ್ದಾಣದ ಹಿಂದೆ ಕ್ಯಾಂಟೀನು ಇಟ್ಟಿದ್ದ ಗುಲಾಬಿ ಶೆಡ್ತಿಯ ಒಲೆಯನ್ನು. ಎಂಟು ದಿನ ಗಂಜಿನೀರಿನಲ್ಲಿ ನೆನೆಸಿ, ಅರ್ಧ ಈರುಳ್ಳಿಯಿಂದ ಎಣ್ಣೆ ತಿಕ್ಕಿ ಆಕೆ ನನ್ನನ್ನು ಪಳಗಿಸಿದಳು. ದೋಸೆ ಹರಿದರೆ ಗಿರಾಕಿಗೆ ಕೊಡದೆ ತಾನೇ ತಿನ್ನುತ್ತಿದ್ದಳು. ನನ್ನ ಮರ್ಯಾದೆಗೆ ತಕ್ಕ ಮನುಷ್ಯರನ್ನು ನಾನು ಕಂಡದ್ದು ಅಲ್ಲಿಯೇ.

ಅದೇ ಕ್ಯಾಂಟೀನಿನಲ್ಲಿ ಬಡಿಸುತ್ತಿದ್ದವನು ವಾಸುದೇವ ಕರ್ಕೇರ. ಒಂದು ದಿನವೂ ಹಿಟ್ಟಿನ ಸೌಟು ಮುಟ್ಟಿದವನಲ್ಲ. ಹಡಗಿನ ಕೆಲಸಕ್ಕೆ ಹೋದವನು ಹನ್ನೆರಡು ವರ್ಷದ ಮೇಲೆ ಬಂದು, ಕ್ಯಾಂಟೀನು ಮುಚ್ಚುತ್ತಿದ್ದ ಶೆಡ್ತಿಯಿಂದ ನನ್ನನ್ನು ಪಡೆದು ಬುಡಾಪೆಸ್ಟಿಗೆ ಕೊಂಡೊಯ್ದ. ಡ್ಯಾನ್ಯೂಬ್ ನದಿಯ ದಂಡೆಯಲ್ಲಿ ಅವನದೊಂದು ಹೋಟೆಲು. ಬಾಗಿಲಲ್ಲಿ ತನ್ನದೇ ಫೋಟೋ, ತಲೆಗೆ ಬಿಳಿ ಟೋಪಿ, ಕೆಳಗೆ 'ಮುಖ್ಯ ಬಾಣಸಿಗ'. ಮೇಜುಗಳಿಗೆ ಕಾಣಲೆಂದು ನನ್ನನ್ನು ಗಾಜಿನ ಹಿಂದಿನ ಒಲೆಯ ಮೇಲೆ ಇಟ್ಟ.

ಅಲ್ಲಿ ನನ್ನ ಮೇಲೆ ಬಿದ್ದದ್ದು ಪೊಟ್ಟಣದ ಹಿಟ್ಟು. ಹುಳಿ ಬಂದಿಲ್ಲ, ಉಬ್ಬಿಲ್ಲ, ಸುಣ್ಣ ಕದಡಿದ ನೀರಿನಂಥದ್ದು. "ಇವರಿಗೆ ಎಂತ ಗೊತ್ತಾಗ್ತದೆ ಮಾರಾಯ" ಎಂದು ಕರ್ಕೇರ ಫೋನಿನಲ್ಲಿ ಗೆಳೆಯರಿಗೆ ಹೇಳಿ ನಗುತ್ತಿದ್ದ. ಅವನ ಮಾತು ಸುಳ್ಳಾಗಿರಲಿಲ್ಲ. ಬಂದವರು ಆ ರಟ್ಟನ್ನು ಚಾಕುವಿನಿಂದ ಕೊಯ್ದು ತಿಂದು, ಕಣ್ಣು ಮುಚ್ಚಿ 'ಆಹಾ' ಎನ್ನುತ್ತಿದ್ದರು. ನಮ್ಮ ದೇಶದ ಪ್ರವಾಸಿಗರು ಇನ್ನೂ ಕಡೆ. ಮೊದಲು ಫೋಟೋ, ಆಮೇಲೆ ತುತ್ತು, ಕೊನೆಗೆ ಹೊಗಳಿಕೆ. ಬಡಿಸಿದವನ ಮೇಲೂ ತಿಂದವರ ಮೇಲೂ ನನಗೆ ಸಮನಾದ ತಿರಸ್ಕಾರ.

ಒಂದು ಮಧ್ಯಾಹ್ನ ಇಬ್ಬರು ಹೆಂಗಸರು ನನ್ನೆದುರಿನ ಮೇಜಿಗೆ ಬಂದು ಕುಳಿತರು. ಗದಗಿನ ಶಾಲೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಒಟ್ಟಿಗೆ ಪಾಠ ಹೇಳಿ ನಿವೃತ್ತರಾದವರೆಂದು ಅವರ ಮಾತಿನಿಂದಲೇ ತಿಳಿಯಿತು. ಕಮಲಾಕ್ಷಿ ಹಂಚಿನಾಳ ದೊಡ್ಡ ದನಿಯವಳು. ಮೆಹರುನ್ನಿಸಾ ಸಣಕಲಿ, ಮಾತು ಕಡಿಮೆ. ಗೆಳತಿ ಸೊರಗುತ್ತಿದ್ದಾಳೆಂದು ಕಮಲಾಕ್ಷಿ ಈ ಯುರೋಪು ಪ್ರವಾಸದ ಊರೂರಿನಲ್ಲೂ ನಮ್ಮ ಕಡೆಯ ಊಟ ಹುಡುಕಿ ಕರೆದೊಯ್ಯುತ್ತಿದ್ದಳು.

ಅವತ್ತು ಕರ್ಕೇರ ಫೋನಿನಲ್ಲಿ ಹರಟುತ್ತ ಹಿಟ್ಟಿಗೆ ಎರಡೆರಡು ಸಲ ಉಪ್ಪು ಸುರಿದ. ಮೊದಲ ದೋಸೆ ಮೆಹರುನ್ನಿಸಾಳಿಗೆ ಹೋಯಿತು. ಈಗ ಉಗುಳುತ್ತಾಳೆ ಎಂದು ಕಾದೆ.

"ಭಾಳ ಚಲೋ ಆಗೇತಿ," ಎಂದಳು ಆಕೆ. "ನಮ್ಮೂರಾಗ ತಿಂದಂಗ ಐತಿ."

ಇವಳೂ ಅದೇ ಹಿಂಡಿನವಳು ಎಂದು ಮನಸ್ಸಿನಲ್ಲೇ ಉಗಿದೆ. ಆಕೆ ಮುಕ್ಕಾಲು ದೋಸೆ ಮುಗಿಸಿದಾಗ ಕಮಲಾಕ್ಷಿ ಕೈಚಾಚಿ ಒಂದು ತುಂಡು ಮುರಿದು ಬಾಯಿಗಿಟ್ಟಳು. ಕೂಡಲೇ ಕಾಗದಕ್ಕೆ ಉಗುಳಿ, ಲೋಟದ ನೀರೆಲ್ಲ ಕುಡಿದಳು.

"ಮೆಹರೂ, ಇದು ಬರೇ ಉಪ್ಪು. ನಿನಗ ಗೊತ್ತಾಗಲಿಲ್ಲೇನು?"

ಮೆಹರುನ್ನಿಸಾ ಕೈ ಒರೆಸಿಕೊಂಡಳು. ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಇಲ್ಲ. ಆ ಜ್ವರ ಬಂದು ಹೋದಾಗಿಂದ ನಾಲಿಗಿಗೆ ಏನೂ ಹತ್ತವಲ್ದು. ಸಕ್ರಿ, ಉಪ್ಪು ಎಲ್ಲಾ ಒಂದ. ಡಾಕ್ಟರಿಗೆ ತೋರಿಸೇನಿ. ಎರಡು ವರ್ಷಾತು."

"ಮತ್ತ ವಿಯೆನ್ನಾದಾಗ ಸಾರಿನ ಹುಳಿ ಸರಿ ಐತಿ ಅಂದಿ?"

"ನೀ ಅಷ್ಟು ದೂರ ನಡಿಸ್ಕೊಂಡು ಹೋಗಿದ್ದಿ. ಹೆಂಗ ಹೇಳಲಿ?"

"ಎರಡು ವರ್ಷ ನನ್ನ ಮನ್ಯಾಗ ಉಂಡಿದ್ದೂ ಸುಳ್ಳು ಹಂಗಾರ."

"ಉಂಡಿದ್ದು ಖರೇ ಕಮಲಾ. ರುಚಿ ಅಂದಿದ್ದಷ್ಟ ಸುಳ್ಳು."

ಕಮಲಾಕ್ಷಿಯ ಮುಖ ಕೆಂಪಾಯಿತು. ಕುರ್ಚಿ ಹಿಂದೆ ತಳ್ಳಿ ಎದ್ದಳು. ಬಿಟ್ಟು ಹೊರಟೇಹೋಗುತ್ತಾಳೆ ಎಂದುಕೊಂಡೆ. ಮೆಹರುನ್ನಿಸಾಳಿಗೂ ಹಾಗೇ ಅನಿಸಿರಬೇಕು, ತನ್ನ ಚೀಲಕ್ಕೆ ಕೈಹಾಕಿದಳು. ಆದರೆ ಕಮಲಾಕ್ಷಿ ನೇರ ಅಡಿಗೆಮನೆಗೆ ನುಗ್ಗಿದಳು.

"ಮೇಡಂ, ಒಳಗೆ ಬರುವ ಹಾಗಿಲ್ಲ, ಇಲ್ಲಿ ರೂಲ್ಸ್ ಉಂಟು," ಎಂದ ಕರ್ಕೇರ.

"ಉಪ್ಪು ಎಷ್ಟು ಹಾಕಬೇಕಂತ ಆ ರೂಲ್ಸಿನಾಗ ಇಲ್ಲೇನು? ಸರೀರಿ ಅತ್ತಾಗ."

ಮುಖ್ಯ ಬಾಣಸಿಗ ಸರಿದು ನಿಂತ. ಆಕೆ ಕಡಲೆಹಿಟ್ಟು, ಗೋಧಿಹಿಟ್ಟು, ಅಕ್ಕಿಹಿಟ್ಟು ಕಲಸಿ, ಈರುಳ್ಳಿ, ಜೀರಿಗೆ, ಮುಷ್ಟಿ ತುಂಬ ಹಸಿಮೆಣಸಿನಕಾಯಿ ಕೊಚ್ಚಿ ಹಾಕಿದಳು. ನನ್ನ ಮೇಲೆ ತೆಳ್ಳಗೆ ತಾಲಿಪಟ್ಟಿ ತಟ್ಟಿ, ಬೆರಳಿಂದ ತೂತು ಮಾಡಿ, ಒಂದೊಂದಕ್ಕೂ ಎಣ್ಣೆ ಬಿಟ್ಟಳು. ಕಣ್ಣೊರೆಸಿಕೊಂಡದ್ದು ಈರುಳ್ಳಿಗೋ ಬೇರೆಯದಕ್ಕೋ ನನಗೆ ತಿಳಿಯದು. ಅಂಚು ಗರಿಗರಿಯಾಗುವವರೆಗೂ ಕಾದು, ಒಯ್ದು ಗೆಳತಿಯ ಮುಂದಿಟ್ಟಳು.

"ರುಚಿ ಹಾಳಾಗಿ ಹೋಗಲಿ. ಕಿವಿ ಕೇಳಸ್ತಾವಲ್ಲ? ಕಡಿ."

ಮೆಹರುನ್ನಿಸಾ ಕಡಿದಳು. ಕರ್ ಎಂದದ್ದು ನನ್ನವರೆಗೂ ಕೇಳಿತು. ಅಗಿಯುತ್ತ ಅಗಿಯುತ್ತ ಆಕೆಯ ಮೂಗು, ಕಣ್ಣು ಸುರಿಯತೊಡಗಿದವು.

"ಉರಿಯಾಕ್ಹತ್ತೇತಿ," ಎಂದಳು.

"ಚಲೋ ಆಗೇತೇನು?"

"ರುಚಿ ಗೊತ್ತಿಲ್ಲ. ಸಪ್ಪಳ ಚಲೋ ಐತಿ. ಇನ್ನೊಂದು ಹಾಕು."

ಇಬ್ಬರೂ ಸೇರಿ ಐದು ತಿಂದರು. ಉರಿ ತಾಳದೆ ಒಬ್ಬರ ಲೋಟದ ನೀರು ಒಬ್ಬರು ಕಸಿದು ಕುಡಿದು ನಕ್ಕರು.

ಇದರಿಂದ ಕರ್ಕೇರ ಏನಾದರೂ ಕಲಿತನೆಂದು ಯಾರೂ ತಿಳಿಯಬಾರದು. ಮರುದಿನವೇ ತಿನಿಸುಗಳ ಪಟ್ಟಿಗೆ 'ಅಜ್ಜಿಯ ಕೈರೊಟ್ಟಿ' ಸೇರಿಸಿದ, ಅದೇ ಪೊಟ್ಟಣದ ಹಿಟ್ಟಿನಲ್ಲಿ. ಆಮೇಲೊಂದು ಚಳಿಗಾಲ, ಕಾದು ಕೆಂಡವಾಗಿದ್ದ ನನ್ನ ಮೇಲೆ ಮಂಜಿನಂಥ ನೀರು ಹೊಯ್ದು ಮೈ ಸೀಳಿದ. ಈಗ ಹಿತ್ತಿಲಿನಲ್ಲಿ ಹೂಕುಂಡದ ಕೆಳಗೆ ತುಕ್ಕು ತಿನ್ನುತ್ತ ಬಿದ್ದಿದ್ದೇನೆ.

ಅವನ ಮೇಲಿನ ತಿರಸ್ಕಾರ ಕಿಂಚಿತ್ತೂ ಕಡಿಮೆಯಾಗಿಲ್ಲ. ಆದರೆ ಬಿದ್ದಲ್ಲೇ ಬಿದ್ದು ಯೋಚಿಸುವಾಗ ಒಂದು ನಾಚಿಕೆ ಕಾಡುತ್ತದೆ. ಲಕ್ಷ ದೋಸೆ ನನ್ನ ಮೈಮೇಲೆ ಬೆಂದಿವೆ. ನಾಲಿಗೆಯೇ ಇಲ್ಲದ ನಾನು ಒಂದರ ಉಪ್ಪೂ ಬಲ್ಲವನಲ್ಲ. ಮೆಹರುನ್ನಿಸಾಳಾದರೋ ಏನೂ ತಿಳಿಯದ ನಾಲಿಗೆಯಲ್ಲಿ ಊರೂರಿನ ಊಟವನ್ನು ಗೆಳತಿಗಾಗಿ ಹೊಗಳಿ ಹೊಗಳಿ ಉಂಡಳು. ನಾನು ಅದೇ ಕುರುಡಿನಲ್ಲಿ ಎಲ್ಲರನ್ನೂ ತೆಗಳುತ್ತ ಕುಳಿತಿದ್ದೆ.