ಪರದೆಯಿಂದಾಚೆ ಬಂದ ಡ್ರಮ್ಮು

ಕಪ್ಪು ಜನರ ಬಡಾವಣೆ ಹಾರ್ಲೆಮ್‌ನ ಎಜ್ರಾ ಟಾಲಿವರ್ ಹದಿಮೂರು ಜನರ ಜಾಝ್ ತಂಡ ಕಟ್ಟಿ, ಡ್ರಮ್ಮಿನ ಹಿಂದೆ ಕೂತೇ ಅದನ್ನು ಒಂಬತ್ತು ವರ್ಷ ನಡೆಸಿದ್ದ. 1937ರಲ್ಲಿ, ಬಿಳಿಯರು ಮಾತ್ರ ಕುಣಿಯುವ ದೊಡ್ಡ ಹೋಟೆಲೊಂದು ಅವರನ್ನು ಮಧ್ಯಾಹ್ನದ ನೃತ್ಯಕ್ಕೆ ಕರೆಯಿತು. ಬಂದ ಮೇಲೆ ಮ್ಯಾನೇಜರ್ ವರಸೆ ಬದಲಿಸಿದ.

"ನಿನ್ನ ಡ್ರಮ್ಮು ಪರದೆ ಹಿಂದೆ ಇರ್ಲಿ. ಮುಂದೆ ನಿಂತು ತಂಡ ನಡೆಸೋನ ಹಾಗೆ ಕೋಲಾಡ್ಸೋಕೆ ನಮ್ಮ ಬಿಳಿಯನೊಬ್ಬ ಇದಾನೆ."

"ಅವ್ನಿಗೆ ತಾಳ ಗೊತ್ತಾ ಸಾರ್?"

"ಸೂಟು ಚೆನ್ನಾಗಿ ಒಪ್ಪುತ್ತೆ. ಅಷ್ಟು ಸಾಕು."

ಪಿಯಾನೊ ನುಡಿಸುವ ವಯೋಲಾ ಸಿಡಿದಳು. "ಅಣ್ಣಾ, ನಡಿ, ಹೊರಟುಬಿಡೋಣ."

"ಯಾಕಮ್ಮಾ? ಬಂದಿದೀವಿ, ನುಡಿಸೇ ಹೋಗೋಣ. ನಾನು ಹೊಡೆಯೋವರ್ಗೂ ಯಾರೂ ಶುರು ಮಾಡ್ಬೇಡಿ."

ಜನ ತುಂಬಿದರು. ಸೂಟಿನವನು ಕೋಲೆತ್ತಿ ಬೀಸಿದ. ಒಂದು ಸ್ವರವೂ ಹೊರಡಲಿಲ್ಲ. ಬೆವರುತ್ತ ಮತ್ತೆ ಬೀಸಿದ. ಕುಣಿಯಲು ನಿಂತವರು ಕಿಸಕ್ಕೆಂದು ನಕ್ಕರು. ಆಗ ಎಜ್ರಾ ಪರದೆ ಸರಿಸಿ, ದೊಡ್ಡ ಡ್ರಮ್ಮನ್ನು ತಾನೇ ಎಳೆದು ತಂದು, ವೇದಿಕೆಯ ಅಂಚಿಗೆ ಇಟ್ಟು ಕೂತ. ಸೂಟಿನವನ ಕಡೆ ತಿರುಗಿ, "ಸ್ವಲ್ಪ ಪಕ್ಕಕ್ಕೆ ಬನ್ನಿ ಸಾರ್, ಕೈ ತಗುಲುತ್ತೆ" ಎಂದ. ಮೊದಲ ಪೆಟ್ಟಿಗೇ ಇಡೀ ತಂಡ ಎದ್ದು ನುಡಿಸಿತು.

ನಿಲ್ಲಿಸಿ ಎಂದು ಮ್ಯಾನೇಜರ್ ಕೈ ಬೀಸಿ ಬೀಸಿ ಸೋತ. ಕುಣಿಯುವವರು ನಾಲ್ಕು ಹಾಡಿನವರೆಗೂ ನಿಲ್ಲಿಸಲು ಬಿಡಲಿಲ್ಲ. ಐದನೆಯದಕ್ಕೆ ಅವನು ಕಿಟಕಿಯಿಲ್ಲದ ಆ ಹಾಲಿನ ದೀಪ ಆರಿಸಿಯೇ ತಂಡವನ್ನು ಹೊರಗಟ್ಟಿದ.

ಆಮೇಲೆ ಎರಡು ವರ್ಷ ಅಂಥ ಯಾವ ಹೋಟೆಲೂ ಎಜ್ರಾನನ್ನು ಕರೆಯಲಿಲ್ಲ. ಯಾರಾದರೂ ಮರುಕಪಟ್ಟರೆ ಅವನು ರೇಗುತ್ತಿದ್ದ. "ಅಯ್ಯೋ ಅನ್ಬೇಡ್ರೋ. ಆ ನಾಲ್ಕು ಹಾಡು ಎಷ್ಟು ಜೋರಾಗಿತ್ತು, ಅದನ್ನ ಕೇಳಿ!"