ತಳದಲ್ಲಿ ಉಳಿಸಿದ ಗುಟುಕು

ಹ್ಯಾಡ್ಲಿಯ ಮುಖ್ಯರಸ್ತೆಯ ಇಟ್ಟಿಗೆ ಕಟ್ಟಡವನ್ನು 1893ರಲ್ಲಿ ಕಟ್ಟಿದ್ದು ಪಡಖಾನೆಗೆಂದೇ. ಮದ್ಯ ನಿಷೇಧದ ವರ್ಷಗಳಲ್ಲಿ ಅಲ್ಲಿ ಐಸ್‌ಕ್ರೀಂ ಮಾರಿದರು; ನಿಷೇಧ ಹೋದ ವಾರವೇ ಬಿಯರ್ ಮರಳಿತು. ಮೊಂಟಾನಾದ ಈ ಕಣಿವೆಯಲ್ಲಿ ತಾಮ್ರದ ಗಣಿ ನಿಂತ ಮೇಲೆ ಕುಡಿಯುವವರು ಕಡಿಮೆಯಾದರು, ಕಟ್ಟಡ ಗ್ರಂಥಾಲಯವಾಯಿತು. ಆಮೇಲೆ ವೃದ್ಧರಿಗೆ ಮಧ್ಯಾಹ್ನದ ಊಟ ಹಾಕುವ ಜಾಗ, ಚುನಾವಣೆ ಬಂದರೆ ಮತಗಟ್ಟೆ.

"ಇಲ್ಲೇ ಕುಡಿದು ಬಿದ್ದಿದೀನಿ, ಇಲ್ಲೇ ಓಟೂ ಹಾಕಿದೀನಿ. ಮಾರನೇ ದಿನದ ತಲೆನೋವು ಎರಡಕ್ಕೂ ಒಂದೇ" ಎನ್ನುತ್ತಿದ್ದರು ಹಳೆಯ ಗಣಿ ಕಾರ್ಮಿಕ ಡಿಗೊರಿ ಹಾಕಿಂಗ್.

ಇಷ್ಟೆಲ್ಲ ಬದಲಾದರೂ ಕೌಂಟರಿನ ಹಿಂದಿನ ಹಲಗೆಯ ಮೇಲೆ ಏಳು ಪಿಂಗಾಣಿ ಲೋಟಗಳು ಇದ್ದಲ್ಲೇ ಇದ್ದವು. ಒಂದೊಂದರ ಮೇಲೂ ಒಂದು ಹೆಸರು. ಗಣಿಯವರು ಪಾಳಿಗೆ ಇಳಿಯುವ ಮುನ್ನ ತಮ್ಮ ತಮ್ಮ ಲೋಟದಲ್ಲಿ ಬಿಯರ್ ಕುಡಿದು, ತಳದಲ್ಲಿ ಒಂದು ಗುಟುಕು ಉಳಿಸಿ ಹೋಗುತ್ತಿದ್ದರು. ಮೇಲೆ ಬಂದು ಅದನ್ನು ಮುಗಿಸಿದರೆ ಆ ದಿನದ ಕೆಲಸ ಮುಗಿದಂತೆ. 1961ರ ವಸಂತದಲ್ಲಿ ಕೆಳಗಿನ ಸುರಂಗಕ್ಕೆ ನೀರು ನುಗ್ಗಿತು. ಏಳು ಜನ ಮೇಲೆ ಬರಲಿಲ್ಲ, ಹೆಣಗಳೂ ಸಿಗಲಿಲ್ಲ. ಅವರು ಉಳಿಸಿದ ಗುಟುಕು ಲೋಟಗಳಲ್ಲೇ ಒಣಗಿ ಕಂದು ಕರೆಯಾಯಿತು. ಯಾರೂ ತೊಳೆಯಲಿಲ್ಲ.

ಆ ಏಳರಲ್ಲಿ ಒಂದು ಜೋರಿ ಪೆಂಗೆಲ್ಲಿಯದು. ಮದುವೆಯಾದ ವರ್ಷವೇ ವಿಧವೆಯಾದ ಅವನ ಹೆಂಡತಿ ಲವ್‌ಡೇ ಮತ್ತೆ ಮದುವೆಯಾಗಲಿಲ್ಲ. ಊರ ಸ್ಮಶಾನದಲ್ಲಿ ಆಕೆಗೆ ಹೂವಿಡಲು ಜಾಗವಿರಲಿಲ್ಲ. ಶನಿವಾರ ಶನಿವಾರ ಇಲ್ಲಿಗೆ ಬಂದು, ಗಂಡನ ಲೋಟವನ್ನು ಇಳಿಸಿ, ಒಳಗೆ ನೋಡಿ, ಮತ್ತೆ ಅಲ್ಲೇ ಇಡುತ್ತಿದ್ದರು. ಗ್ರಂಥಪಾಲಕಿ ಬಂದರು, ಊಟ ಬಡಿಸುವವರು ಬಂದರು. ಅವರೆಲ್ಲ ಊರಿನವರೇ, ಯಾರೂ ಏನೂ ಕೇಳಲಿಲ್ಲ.

ಕಳೆದ ಚಳಿಗಾಲದಲ್ಲಿ ಕಟ್ಟಡವನ್ನು ಕೊಂಡ ಕರ್ಟಿಸ್ ವಾಂಡೆಲ್ ಹೊರಗಿನವನು, ಒಳ್ಳೆಯವನು. ಕೌಂಟರನ್ನು ಕೀಳಲಿಲ್ಲ, ತವರದ ಚಾವಣಿಯನ್ನೂ ಉಳಿಸಿಕೊಂಡ. ಕಾಫಿ ಅಂಗಡಿ ತೆರೆದ ಮೊದಲ ಶನಿವಾರ ಲವ್‌ಡೇ ಬಂದು ಕೂತಾಗ, ಅವನು ನಗುನಗುತ್ತಾ ಹಬೆಯಾಡುವ ಲೋಟವೊಂದನ್ನು ಅವರ ಮುಂದಿಟ್ಟ. ಮೇಲೆ ಜೋರಿಯ ಹೆಸರಿತ್ತು.

"ನಿಮಗೇ ಅಂತ ತೆಗೆದಿಟ್ಟಿದ್ದೆ ಅಮ್ಮ. ಪೆಂಗೆಲ್ಲಿ ಅಂತಿದೆ, ನಿಮ್ಮ ಮನೆಯವರ ಹೆಸರಲ್ವಾ?"

ಲವ್‌ಡೇ ಲೋಟವನ್ನೇ ನೋಡಿದರು. "ಒಳಗೆ ಕರೆ ಇತ್ತಲ್ಲಪ್ಪ?"

"ಅಯ್ಯೋ, ಬಿಡೋದೇ ಇಲ್ಲ ಅಂತಿತ್ತು! ಸೋಡಾಪುಡಿ ಹಾಕಿ ನೆನೆಸಿಟ್ಟೆ. ಏಳನ್ನೂ ಹೊಸದರ ಥರ ಮಾಡಿದೀನಿ ನೋಡಿ."

"ಆ ನೀರು?"

"ಚೆಲ್ಲಿದೆ."

ಪಕ್ಕದ ಮೇಜಿನಿಂದ ಡಿಗೊರಿ ಎದ್ದು ನಿಂತರು. "ಲೋ ಬೆಪ್ಪೇ, ಏನ್ ತೊಳೆದಿದೀಯ ಗೊತ್ತೇನೋ ನಿಂಗೆ?"

"ಕೂತ್ಕೋ ಡಿಗೊರಿ" ಎಂದರು ಲವ್‌ಡೇ. "ನೀನು ಹೇಳಿದ್ಯಾ ಅವನಿಗೆ?"

"ಅದನ್ನೂ ಬಾಯ್ಬಿಟ್ಟು ಹೇಳ್ಬೇಕಾ?"

"ನಾನೂ ಹೇಳ್ಲಿಲ್ಲ."

ಡಿಗೊರಿ ಕೂತರು. ಆಮೇಲೆ ತಗ್ಗಿದ ದನಿಯಲ್ಲಿ ಪೂರ್ತಿ ಹೇಳಿದ್ದೂ ಅವರೇ. ಕರ್ಟಿಸ್ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.

"ಲೋಟನಾದ್ರೂ ಮನೆಗೆ ತಗೊಂಡು ಹೋಗಿ ಅಮ್ಮ. ದಯವಿಟ್ಟು."

"ಲೋಟ ತಗೊಂಡು ಏನ್ಮಾಡ್ಲಿ? ಮನೇಲಿ ಬೇಕಾದಷ್ಟಿವೆ."

ಕಾಫಿ ಆರುತ್ತಿತ್ತು. ಲವ್‌ಡೇ ಎರಡೂ ಕೈಯಲ್ಲಿ ಲೋಟ ಹಿಡಿದು ಕುಡಿಯತೊಡಗಿದರು. ಅರ್ಧಕ್ಕೆ ನಿಲ್ಲಿಸಿ ಕಿಟಕಿಯಾಚೆ, ಗಣಿಯಿದ್ದ ಗುಡ್ಡದ ಕಡೆ ನೋಡಿದರು. ತಳದಲ್ಲಿ ಸ್ವಲ್ಪವೇ ಉಳಿದಾಗ ಮತ್ತೆ ನಿಲ್ಲಿಸಿದರು. ಡಿಗೊರಿ ಮುಖ ತಿರುಗಿಸಿಕೊಂಡರು. ಆಕೆ ಲೋಟವನ್ನು ಎತ್ತಿ, ಆ ಗುಟುಕನ್ನೂ ಬಿಡದೆ ಮುಗಿಸಿದರು.

ಎದ್ದು ತಾವೇ ಕೌಂಟರಿಗೆ ಒಯ್ದು ಕೊಟ್ಟರು.

"ತಗೋ ಮಗ, ತೊಳಿ" ಎಂದರು.