ಹತ್ತೊಂಬತ್ತು ದಿನ ಕಮ್ಮಿ

ಲಿಝೆನ್ ಬುಟ್ಟಿಯಿಂದ ಬಟ್ಟಲು ತೆಗೆದು ಮೇಜಿನ ಮೇಲಿಡುತ್ತಿದ್ದರೆ, ಅಪ್ಪನ ತಂಗಿ ಬಾವೊಮೆಯ್ ಅತ್ತೆ ಹಿಂದಿನಿಂದಲೇ ಬಂದು ಒಂದೊಂದನ್ನೂ ಎತ್ತಿ ಬುಟ್ಟಿಗೆ ಹಾಕುತ್ತಿದ್ದಳು. ಆರು ಬಟ್ಟಲು ಹೀಗೇ ಹೋಗಿ ಬಂದವು.

"ಬಿಡು ಅತ್ತೆ."

"ಏನು ಬಿಡೋದು? ಎಂಬತ್ತು ಮುಟ್ಟಿದವರ ಸಾವಿಗೆ ಮಾತ್ರ ಕಣೇ ಆಯುಷ್ಯದ ಬಟ್ಟಲು ಇಡೋದು. ನಮ್ಮಣ್ಣಂಗೆ ಹೊಟ್ಟೇಲಿದ್ದ ವರ್ಷ ಸೇರಿಸಿದ್ರೂ ಎಪ್ಪತ್ತೊಂಬತ್ತೇ. ಜನ ಬಾಯಿ ಮುಚ್ಕೊಂಡಿರ್ತಾರಾ?"

"ಹೊಸ ವರ್ಷ ಬಂದಿದ್ರೆ ಎಲ್ಲರಿಗೂ ಒಂದು ವಯಸ್ಸು ಏರ್ತಿತ್ತು, ಅಪ್ಪಂಗೆ ಎಂಬತ್ತಾಗ್ತಿತ್ತು. ಹತ್ತೊಂಬತ್ತು ದಿನ ಅಷ್ಟೆ."

"ಹತ್ತೊಂಬತ್ತೇ ಆಗ್ಲಿ, ಕಮ್ಮಿ ಅಂದ್ರೆ ಕಮ್ಮೀನೇ."

ಕೆಂಪು ಅಂಚಿನ ಆ ನಲವತ್ತು ಬಟ್ಟಲನ್ನು ಲಿಝೆನ್ ತನ್ನ ಅಪ್ಪ ಗೆನ್‌ಫಾನ ಎಂಬತ್ತರ ಹಬ್ಬಕ್ಕೆಂದು ಮೊದಲೇ ತರಿಸಿಟ್ಟಿದ್ದಳು. ಈಗ ದಹನ ಮುಗಿದು ಬೂದಿಯ ಪೆಟ್ಟಿಗೆ ಮನೆಗೆ ಬಂದಿತ್ತು. ಇನ್ನೇನು ಸಾವಿನ ಮನೆಯಲ್ಲಿ ಬಡಿಸುವ ಸೋಯಾ ತೋಫು ಊಟಕ್ಕೆ ಓಣಿಯವರೆಲ್ಲ ಬರುತ್ತಾರೆ. ಸತ್ತವನ ಆಯುಷ್ಯ ತಮಗೂ ಬರಲಿ ಎನ್ನುವವರು ಉಂಡ ಬಟ್ಟಲನ್ನು ಮನೆಗೆ ಒಯ್ಯಬೇಕು. ಮೇಜಿನ ಮೇಲೇ ಬಿಟ್ಟು ಹೋದರೆ, ಇಂಥ ಬಾಳು ನಮಗೆ ಬೇಡಪ್ಪ ಎಂದು ಅವನ ಮುಖಕ್ಕೇ ಹೇಳಿದ ಹಾಗೆ. ಲಿಝೆನ್‌ಗೆ ಅದೇ ಭಯ. ಆದರೂ ಇಟ್ಟಳು.

ಭಯಕ್ಕೆ ಕಾರಣವಿತ್ತು. ಗೆನ್‌ಫಾ ನಮ್ಮ ಕಾಲುವೆ ಓಣಿಯ ಬಿಸಿನೀರಿನ ಅಂಗಡಿಯವನು. ನಲವತ್ತೆರಡು ವರ್ಷ ದೊಡ್ಡ ಒಲೆ ಉರಿಸಿ ಓಣಿಯ ಫ್ಲಾಸ್ಕುಗಳನ್ನೆಲ್ಲ ತುಂಬಿಸಿದವನು. ನೀರಿನ ಜೊತೆ ಉಪದೇಶ ಪುಕ್ಕಟೆ. ತಣ್ಣೀರು ಕುಡಿಯಬೇಡ, ಹೊಟ್ಟೆಯ ಬೆಂಕಿ ಆರುತ್ತದೆ. ಹತ್ತಕ್ಕೆ ಏಳು ಪಾಲು ಉಣ್ಣು, ಮೂರು ಪಾಲು ಖಾಲಿ ಬಿಡು. ಉಂಡ ಮೇಲೆ ನೂರು ಹೆಜ್ಜೆ ನಡೆ. ಸಿಟ್ಟು ಮಾಡಬೇಡ, ಯಕೃತ್ತು ಕೆಡುತ್ತದೆ. ಚಳಿಗಾಲದಲ್ಲಿ ಬೇಗ ಮಲಗು, ಸೂರ್ಯ ಬಂದ ಮೇಲೇ ಏಳು. ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತಾರಲ್ಲ, ಈ ಪುಣ್ಯಾತ್ಮ ಊಟ, ನಿದ್ದೆ, ನಡಿಗೆ ಮೂರನ್ನೂ ಬಲ್ಲವನು. ಕೇಳಿ ಕೇಳಿ ನಮ್ಮ ಕಿವಿ ತೂತು ಬಿದ್ದಿತ್ತು. ಅಂಥವನೇ ಎಂಬತ್ತು ಮುಟ್ಟದೆ ಹೋದನೆಂದರೆ ಜನ ಸುಮ್ಮನಿರುತ್ತಾರೆಯೇ?

ಇರಲಿಲ್ಲ. ತೋಫು ಬಾಯಿಗಿಡುವ ಮೊದಲೇ ಶುರುವಾಯಿತು.

"ಪಾಪ, ಅಷ್ಟೊಂದು ಬಿಸಿನೀರು ಕುಡಿದೂ..." ಎಂದಳು ದರ್ಜಿಯ ಹೆಂಡತಿ.

"ಮೀನು ಮಾರೋ ಆಮಾವ್‌ನ ನೋಡು," ಎಂದಳು ಪಕ್ಕದವಳು. "ಐಸ್‌ನಂಥ ಬಿಯರ್ ಕುಡೀತಾನೆ, ದಿನಾ ಜಗಳ ಆಡ್ತಾನೆ. ಎಂಬತ್ತಮೂರಾದ್ರೂ ಗುಂಡುಕಲ್ಲಿನ ಹಾಗಿದ್ದಾನೆ."

ಆಮಾವ್ ಎದುರಿಗೇ ಕೂತಿದ್ದ. ಗೆನ್‌ಫಾನನ್ನು ಗೇಲಿ ಮಾಡದೆ ಅವನಿಗೆ ಒಂದು ದಿನವೂ ಉಂಡ ಅನ್ನ ಅರಗಿದ್ದಿಲ್ಲ. ಇವತ್ತು ಮಾತ್ರ ತಲೆ ಎತ್ತಲಿಲ್ಲ.

*

ಹನ್ನೊಂದು ವರ್ಷದ ಹಿಂದೆ ಆಮಾವ್‌ನ ಹೆಂಡತಿ ತೀರಿಕೊಂಡಾಗಲೂ ಹೀಗೇ ಚಳಿಗಾಲ. ಅವನು ಮೀನು ಮಾರುವುದನ್ನು ಬಿಟ್ಟ, ನಿದ್ದೆ ಬಿಟ್ಟ, ಹೊಸಿಲ ಮೇಲೆ ಕೂತೇ ಇರುತ್ತಿದ್ದ. ಒಂದು ಸಂಜೆ ಗೆನ್‌ಫಾ ಮರದ ಬಕೆಟ್ಟಿನಲ್ಲಿ ಶುಂಠಿ ಹಾಕಿದ ಬಿಸಿನೀರು ತಂದು ಅವನ ಮುಂದಿಟ್ಟ.

"ಕಾಲು ಇಡು."

"ಯಾಕೋ, ಇವತ್ತು ನೀರು ವ್ಯಾಪಾರ ಆಗ್ಲಿಲ್ವಾ?"

"ಕಾಲು ಇಡ್ತೀಯೋ, ತಲೆ ಮೇಲೆ ಸುರೀಲೋ?"

ಆಮಾವ್ ಇಟ್ಟ. ಗೆನ್‌ಫಾ ಕುಕ್ಕರಗಾಲಲ್ಲಿ ಕೂತು, ಮೀನಿನ ವಾಸನೆಯ ಆ ಒಡೆದ ಪಾದಗಳನ್ನು ತಿಕ್ಕಿದ. ಬಯ್ಯುತ್ತ ಬಯ್ಯುತ್ತಲೇ ಆಮಾವ್ ಅತ್ತ. ಆ ಚಳಿಗಾಲವಿಡೀ ಒಂದು ಸಂಜೆಯೂ ಬಕೆಟ್ಟು ತಪ್ಪಲಿಲ್ಲ.

"ಸೂರ್ಯ ಬಂದ ಮೇಲೆ ಏಳು ಅಂತ ಊರಿಗೆಲ್ಲ ಹೇಳ್ತೀಯಲ್ಲ, ನೀನು ಎಷ್ಟಕ್ಕೆ ಏಳ್ತೀಯೋ?" ಎಂದು ಆಮಾವ್ ಒಮ್ಮೆ ಕೇಳಿದ್ದ.

"ಮೂರಕ್ಕೆ."

"ಮತ್ತೆ?"

"ನಾನೂ ಮಲಗಿದ್ರೆ, ನೀವು ಏಳೋ ಹೊತ್ತಿಗೆ ನೀರು ಯಾರು ಕಾಯಿಸ್ತಾರೆ? ಇನ್ನೊಂದು ಕಾಲು ಕೊಡು."

*

ಊಟ ಮುಗಿಯಿತು. ದರ್ಜಿಯ ಹೆಂಡತಿ ಬಾಯಿ ಒರೆಸಿಕೊಂಡು ಎದ್ದಳು, ಬಟ್ಟಲನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದಳು, ಹೊರಟಳು. ಅವಳ ಹಿಂದೆ ಪಕ್ಕದವಳು. ಬಾಗಿಲಲ್ಲಿ ನಿಂತಿದ್ದ ಲಿಝೆನ್ ಇಬ್ಬರ ಬರಿಗೈಗಳನ್ನೂ ನೋಡಿದಳು.

"ನಾ ಹೇಳ್ಲಿಲ್ವಾ?" ಎಂದಳು ಅತ್ತೆ. ಆದರೆ ಅವಳ ಕಣ್ಣಲ್ಲಿ ನೀರಿತ್ತು.

ಆಗ ಆಮಾವ್ ಎದ್ದ.

"ಲಿಝೆನ್, ಅಂಗಡಿ ಒಲೇಲಿ ಬೆಂಕಿ ಇದೆಯೇನಮ್ಮಾ?"

"ಇದೆ ದೊಡ್ಡಪ್ಪ."

"ಎಷ್ಟಕ್ಕೆ ಹಚ್ಚಿದೆ?"

"ಮೂರಕ್ಕೆ. ಸಾವಿನ ಮನೆ ಅಂತ ಓಣಿಯವರಿಗೆ ನೀರಿಲ್ಲ ಅನ್ನೋಕಾಗುತ್ತಾ?"

ಆಮಾವ್ ಜನರ ಕಡೆ ತಿರುಗಿದ. ಬಾಗಿಲು ದಾಟಿದ್ದ ಇಬ್ಬರು ಹೆಂಗಸರೂ ನಿಂತರು.

"ಬೆಳಿಗ್ಗೆ ಫ್ಲಾಸ್ಕು ತುಂಬಿಸ್ಕೊಂಡ್ರಲ್ಲ, ಒಲೆ ಯಾವಾಗ ಹಚ್ಚಿದ್ರು ಅಂತ ಯಾರಾದ್ರೂ ಕೇಳಿದ್ರಾ? ನಮ್ಮನ್ನೆಲ್ಲ ಸೂರ್ಯ ಬರೋ ತನಕ ಮಲಗಿಸಿ, ನಲವತ್ತೆರಡು ಚಳಿಗಾಲ ಅವನು ಮೂರಕ್ಕೆದ್ದ. ಹತ್ತೊಂಬತ್ತು ದಿನ ಕಮ್ಮಿ ಆಯ್ತಂತೆ. ಎಲ್ಲಿ ಹೋಯ್ತು ಅದು? ನಾವೇ ಅಲ್ವೇನ್ರೋ ತಿಂದಿದ್ದು?"

ಆಮಾವ್ ತನ್ನ ಬಟ್ಟಲು ಹಿಡಿದು ಪಕ್ಕದ ಅಂಗಡಿಗೆ ಹೋಗಿ, ಅದನ್ನು ತೊಳೆದು, ಹಂಡೆಯ ನಲ್ಲಿಗೆ ಒಡ್ಡಿದ. ಪೂರ್ತಿ ತುಂಬುವ ಮೊದಲೇ ನಲ್ಲಿ ತಿರುಗಿಸಿದ.

"ಸಾಕು. ಏಳು ಪಾಲು. ಜಾಸ್ತಿ ಆದ್ರೆ ಬೈತಾನೆ," ಎಂದು ಊದಿ ಊದಿ ಕುಡಿದ. ಬಿಸಿನೀರು ಕುಡಿದ ಆಮಾವ್‌ನನ್ನು ನಮ್ಮ ಓಣಿ ಕಂಡದ್ದು ಅದೇ ಮೊದಲು.

ಸಂಜೆ ಲಿಝೆನ್ ಮೇಜು ಒರೆಸಲು ಬಂದಾಗ ಒಂದು ಬಟ್ಟಲೂ ಇರಲಿಲ್ಲ. ದರ್ಜಿಯ ಹೆಂಡತಿ ಕೊಡೆ ಮರೆತೆನೆಂದು ನೆಪ ಹೇಳಿಕೊಂಡು ಬಂದು ತನ್ನದನ್ನು ಒಯ್ದಿದ್ದಳು, ಮೋಡವೇ ಇಲ್ಲದ ದಿನ. ಬುಟ್ಟಿಯಲ್ಲಿ ಉಳಿದದ್ದು ಬಟ್ಟಲಿಗೆ ಸುತ್ತಿದ್ದ ಹುಲ್ಲು ಮಾತ್ರ.

"ಅತ್ತೆ, ನಿನಗೂ ಒಂದು ಎತ್ತಿಡಬೇಕಿತ್ತು," ಎಂದಳು ಲಿಝೆನ್.

"ನಂಗ್ಯಾಕೆ? ನಿಯಮ ಅಂದ್ರೆ ನಿಯಮ," ಎಂದು ಅತ್ತೆ ಹೊರಟಳು. ಅವಳ ಹತ್ತಿಯ ಕೋಟು ಹೊಟ್ಟೆಯ ಹತ್ತಿರ ದುಂಡಗೆ ಉಬ್ಬಿತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಕಾಲುವೆಯ ಪಕ್ಕದಲ್ಲಿ ಬಾಯಲ್ಲೇ ಎಣಿಸುತ್ತ ಹೆಜ್ಜೆ ಹಾಕಿದಳು, ನೂರಾಗುವ ತನಕ.